ಲೆನ್ಸ್ ಕೊಳ್ಳುವ ಮುನ್ನ ಅದರ ಬೆನ್ನು ನೋಡಿ

ಪ್ರಶ್ನೆ: ನಮ್ಮ ಸೋದರಮಾವನವರ ಲೈಕಾ ಸಿಎಲ್ ಕ್ಯಾಮೆರಾ ಅದರ 40 ಎಂಎಂ ಲೆನ್ಸಿನೊಂದಿಗೆ ಈಗ ನನ್ನ ಬಳಿ ಇದೆ. ನಮ್ಮೂರಿನ ಆಲೆಮನೆಯ ಒಳಗೆ ಚಿತ್ರ ತೆಗೆಯಲು 40 ಎಂಎಂನ ನೋಟದ ಅಗಲ ಸಾಲುತ್ತಿಲ್ಲ. ಗೆಳೆಯರೊಬ್ಬರಿಂದ ಮಿನೋಲ್ಟಾದ 28 ಎಂಎಂ ಲೆನ್ಸ್ ತಂದು ಒಂದು ರೀಲು ತೆಗೆದೆ. ಕ್ಯಾಮೆರಾದ ಬೆಳಕಿನ ಮೀಟರ್ ತೋರಿಸಿದಂತೆಯೇ ಇಟ್ಟಿದ್ದರೂ ನೆಗೆಟಿವ್‌ಗಳು ತೆಳುವಾಗಿ ಬಂದಿವೆ. ಈಗ 21 ಎಂಎಂ ಸೂಪರ್ ಆಂಗುಲಾನ್ ಎಫ್/3.4 ಒಂದು ಮಾರಾಟಕ್ಕೆ ಬಂದಿದೆ. ಇನ್ನೊಬ್ಬರು ಸೋವಿಯತ್ ಕಾಲದ ಜುಪಿಟರ್-12 ಅಗ್ಗವಾಗಿ ಸಿಗುತ್ತದೆ, ಅದನ್ನೇ ಕೊಳ್ಳಿ ಎನ್ನುತ್ತಾರೆ. ಯಾವುದು ಸರಿ? ಈ ಹಳೆಯ ಮೀಟರನ್ನು ನಂಬಬಹುದೇ? (ಮಂಡ್ಯ ಜಿಲ್ಲೆಯ ಒಬ್ಬ ಓದುಗರು)

ಉತ್ತರ: ಮೊದಲು ಅವಸರದ ಮಾತು. ಆ ಎರಡು ಲೆನ್ಸ್‌ಗಳಲ್ಲಿ ಯಾವುದನ್ನೂ ನಿಮ್ಮ ಸಿಎಲ್‌ಗೆ ಹಾಕಬೇಡಿ. ಮಾರುವವರು "ಮೌಂಟ್ (ಲೆನ್ಸ್ ಕೂರುವ ಬಾಯಿ) ಒಂದೇ, ಕೂರುತ್ತದೆ" ಎಂದರೂ ಹಾಕಬೇಡಿ. ಕೂರುವುದೇನೋ ಕೂರಬಹುದು. ಆಮೇಲೆ ರೀಲು ಮುಂದಕ್ಕೆ ಎಳೆದ ಕ್ಷಣದಲ್ಲಿ ಒಳಗೆ ಏನಾಗುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ.

ಅದನ್ನು ನೀವೇ ಕಣ್ಣಾರೆ ನೋಡಬಹುದು. ರೀಲು ಇಲ್ಲದಿರುವಾಗ 40 ಎಂಎಂ ಲೆನ್ಸ್ ಬಿಚ್ಚಿ, ಕ್ಯಾಮೆರಾವನ್ನು ಕಿಟಕಿಯ ಬೆಳಕಿಗೆ ಹಿಡಿದು, ಲಿವರ್ ಎಳೆಯಿರಿ. ಶಟರ್ ಪರದೆಯ ಮುಂದೆ ಒಂದು ಸಣ್ಣ ತೋಳು ಎದ್ದು ನಿಲ್ಲುತ್ತದೆ. ಅದರ ತುದಿಯಲ್ಲಿ ಹೆಸರುಕಾಳಿಗಿಂತ ತುಸು ದೊಡ್ಡದಾದ, ದುಂಡನೆಯ ಕ್ಯಾಡ್ಮಿಯಂ ಸಲ್ಫೈಡ್ ಕೋಶವಿದೆ. ಬೆಳಕನ್ನು ಅಳೆಯುವುದು ಅದೇ. ಗುಂಡಿ ಒತ್ತಿ ನೋಡಿ: ತೋಳು ಮೊದಲು ಕೆಳಗೆ ಮಲಗುತ್ತದೆ, ಆಮೇಲೆ ಶಟರ್ ಓಡುತ್ತದೆ. ಒಂದು ಸೆಕೆಂಡಿನ ಸಣ್ಣ ಚೂರಿನಲ್ಲಿ ಇವೆರಡೂ ಮುಗಿಯುತ್ತವೆ. ಲೆನ್ಸಿನ ಮೂಲಕ ಬೆಳಕು ಅಳೆಯುವ ಈ ಏರ್ಪಾಡನ್ನು ಲೈಕಾ ಎಂ ಸರಣಿಯಲ್ಲಿ ಮೊದಲು ತಂದದ್ದು 1971ರ ಎಂ5. ಅದನ್ನೇ ಕಿರಿದಾದ ಒಡಲಿಗೆ ಇಳಿಸಿ 1973ರಲ್ಲಿ ಸಿಎಲ್ ಬಂತು. ವಿನ್ಯಾಸ ಲೈಕಾ ತಯಾರಕರಾದ ಲೈಟ್ಜ್ ಕಂಪನಿಯದು, ತಯಾರಿಸಿದ್ದು ಜಪಾನಿನ ಮಿನೋಲ್ಟಾ.

ನಿಮ್ಮ ಸಿಎಲ್‌ನಂತೆ ಲೆನ್ಸಿನ ಮೂಲಕವಲ್ಲದೆ ಬೇರೆ ಕಿಟಕಿಯಿಂದ ನೋಡಿ ಫೋಕಸ್ ಮಾಡುವ ರೇಂಜ್‌ಫೈಂಡರ್ ಕ್ಯಾಮೆರಾಗಳಲ್ಲಿ ವೈಡ್ ಲೆನ್ಸ್ (ಅಗಲ ನೋಟದ ಲೆನ್ಸ್) ಅಷ್ಟು ಸೊಗಸಾಗಿ ಚಿತ್ರ ಕೊಡುವುದಕ್ಕೂ ಈ ತೋಳಿನ ತೊಂದರೆಗೂ ಕಾರಣ ಒಂದೇ. ಕನ್ನಡಿಯ ನೆರವಿನಿಂದ ಲೆನ್ಸಿನ ಮೂಲಕವೇ ನೋಡುವ ಎಸ್‌ಎಲ್‌ಆರ್ ಕ್ಯಾಮೆರಾದ ಒಳಗೆ ಕನ್ನಡಿ ಎದ್ದು ಬೀಳಲು ಜಾಗ ಬಿಡಬೇಕು. ನಿಕಾನ್ ಎಫ್ ಮೌಂಟಿನಿಂದ ಫಿಲ್ಮಿಗೆ 46.5 ಮಿಲಿಮೀಟರ್ ದೂರ. ಲೈಕಾ ಎಂ ಮೌಂಟಿನಿಂದ ಫಿಲ್ಮಿಗೆ 27.8 ಮಿಲಿಮೀಟರ್ ಮಾತ್ರ. ನಡುವೆ ಕನ್ನಡಿಯಿಲ್ಲ. ಹಾಗಾಗಿ 1950, 60ರ ದಶಕದ ವಿನ್ಯಾಸಕಾರರು ವೈಡ್ ಲೆನ್ಸಿನ ಹಿಂಗಾಜನ್ನು ಫಿಲ್ಮಿನ ಹತ್ತಿರಕ್ಕೆ, ಹೆಚ್ಚುಕಡಿಮೆ ಶಟರ್ ಪರದೆಯವರೆಗೂ ಇಳಿಸಿದರು. ಮುಂದೆ ಹಿಂದೆ ಎರಡೂ ಕಡೆ ಸಮನಾದ ಗಾಜುಗಳಿದ್ದರೆ ಗೆರೆಗಳು ಬಾಗುವುದಿಲ್ಲ. ಬಾಗಿಲ ಚೌಕಟ್ಟು ಬಾಗಿಲ ಚೌಕಟ್ಟಿನಂತೆಯೇ ನೇರವಾಗಿ ನಿಲ್ಲುತ್ತದೆ. ಜರ್ಮನಿಯ ಶ್ನೈಡರ್ ಕಂಪನಿ ರೂಪಿಸಿದ ಸೂಪರ್ ಆಂಗುಲಾನ್ ಈ ಜಾತಿಯದು. ಕಾರ್ಲ್ ಝೈಸ್‌ನ ಬಿಯೋಗಾನ್‌ನಿಂದ ಹುಟ್ಟಿದ ಜುಪಿಟರ್-12ರ ಹಿಂಗಾಜೂ ಹೀಗೆಯೇ ಫಿಲ್ಮಿನ ಹತ್ತಿರಕ್ಕೆ ಇಳಿಯುತ್ತದೆ. ಆ ಜುಪಿಟರನ್ನು ತಿರುಗಿಸಿ ಹಿಡಿದರೆ ಹಿಂಗಾಜು ಮೌಂಟಿನಿಂದ ಹೊರಗೆ ಉಬ್ಬಿಕೊಂಡು ನಿಂತಿರುತ್ತದೆ. ಮೇಜಿನ ಮೇಲೆ ಇಡುವುದಕ್ಕೂ ಭಯವಾಗುತ್ತದೆ. ಆ ಗಾಜು ಬಂದು ನಿಲ್ಲುವ ಜಾಗದಲ್ಲೇ ನಿಮ್ಮ ಕ್ಯಾಮೆರಾದ ತೋಳು ಏಳಬೇಕು. ಏಳಲು ಹೋದರೆ ಗಾಜು ಗೀಚುತ್ತದೆ, ಇಲ್ಲವೇ ತೋಳು ಬಾಗುತ್ತದೆ. ಬಾಗಿದ ತೋಳನ್ನು ನೇರ ಮಾಡಿ ಮೀಟರನ್ನು ಮತ್ತೆ ಸರಿಹೊಂದಿಸಬಲ್ಲ ಕೈಗಳು ಈಗ ಬಹಳ ಕಡಿಮೆ.

21 ಎಂಎಂ ಸೂಪರ್ ಆಂಗುಲಾನ್ ಎಫ್/4 ಮತ್ತು ಎಫ್/3.4, 1965ರಲ್ಲಿ ಬಂದ 28 ಎಂಎಂ ಎಲ್ಮರಿಟ್‌ನ ಮೊದಲ ಮಾದರಿ, 15 ಎಂಎಂ ಹೊಲೊಗಾನ್: ಇವು ತೋಳಿರುವ ಕ್ಯಾಮೆರಾಗಳಿಗೆ ಸಲ್ಲದ ಲೆನ್ಸ್‌ಗಳು. ಎಫ್/3.4 ಸೂಪರ್ ಆಂಗುಲಾನ್‌ನ ಕೊನೆಯ ತಯಾರಿಕೆಯಲ್ಲಿ ತೋಳನ್ನು ಏಳಗೊಡದಂತೆ ಮೌಂಟನ್ನು ತಿದ್ದಿದ್ದರು. ಅಪಾಯವೇನೋ ತಪ್ಪಿತು, ಆದರೆ ತೋಳು ಏಳದಿದ್ದರೆ ಮೀಟರೂ ಇಲ್ಲ. ಹಾಗೆಯೇ ಒಳಕ್ಕೆ ಮಡಚುವ ಹಳೆಯ 50 ಎಂಎಂ ಲೆನ್ಸ್ ಮುಂದೆಂದಾದರೂ ಕೈಗೆ ಬಂದರೆ ಸಿಎಲ್ ಮೇಲಿರುವಾಗ ಅದನ್ನು ಮಡಚಬೇಡಿ.

ಸೂಪರ್ ಆಂಗುಲಾನ್ ಕೆಟ್ಟ ಲೆನ್ಸ್ ಎಂದು ಮಾತ್ರ ತಿಳಿಯಬೇಡಿ. ನಾನು ಬಳಸಿದ ವೈಡ್ ಲೆನ್ಸ್‌ಗಳಲ್ಲಿ ಮನಸ್ಸಿಗೆ ಅತ್ಯಂತ ಹತ್ತಿರವಾದದ್ದು ಅದು. ಮೀಟರೇ ಇಲ್ಲದ ಎಂ2 ಅಥವಾ ಎಂ4 ಕ್ಯಾಮೆರಾಕ್ಕೆ ಅದನ್ನು ಹಾಕಿ, ಬೆಳಕನ್ನು ಬೇರೆ ಮೀಟರಿನಲ್ಲಿ ಅಳೆದು ತೆಗೆಯುವವರು ನೆಮ್ಮದಿಯಾಗಿದ್ದಾರೆ. 1984ರ ಎಂ6ರಲ್ಲಿ ತೋಳಿಲ್ಲ. ಶಟರ್ ಪರದೆಯ ಮೇಲೆ ಬಳಿದ 12 ಮಿಲಿಮೀಟರ್ ಅಗಲದ ಬಿಳಿ ಚುಕ್ಕೆಯಿಂದ ಮರಳುವ ಬೆಳಕನ್ನು ಅಲ್ಲಿನ ಕೋಶ ನೋಡುತ್ತದೆ. ಅಲ್ಲಿಯೂ ಈ ಲೆನ್ಸಿನ ಬೆನ್ನು ಆ ಚುಕ್ಕೆಗೂ ಕೋಶಕ್ಕೂ ಅಡ್ಡ ಬಂದು ಮೀಟರ್ ತಪ್ಪು ಹೇಳುತ್ತದೆ. ಈ ತೊಡಕು ತೀರಿದ್ದು ಹಿಂಗಾಜನ್ನು ಫಿಲ್ಮಿನಿಂದ ದೂರ ಸರಿಸಿದ ಹೊಸ ವಿನ್ಯಾಸಗಳಿಂದ. 1980ರ 21 ಎಂಎಂ ಎಲ್ಮರಿಟ್ ಎಫ್/2.8 ಅಂಥದ್ದು.

ಯಾವುದೇ ಲೆನ್ಸ್ ಸಿಕ್ಕರೂ ಹೆಸರು ಕೇಳಿ ತೀರ್ಮಾನಿಸದೆ ಅಳೆದು ನೋಡಿ. ಲೆನ್ಸನ್ನು ಅನಂತ ದೂರಕ್ಕೆ ತಿರುಗಿಸಿ, ಏಕೆಂದರೆ ಹಿಂಗಾಜು ಅತ್ಯಂತ ಆಳಕ್ಕೆ ಇಳಿಯುವುದು ಅಲ್ಲಿಯೇ. ಮೌಂಟಿನ ಚಪ್ಪಟೆ ಅಂಚಿನಿಂದ ಹಿಂಬದಿಯ ತುತ್ತತುದಿಯವರೆಗೆ ವರ್ನಿಯರ್ ಕ್ಯಾಲಿಪರ್ಸ್‌ನಲ್ಲಿ ಅಳತೆ ತೆಗೆಯಿರಿ. ಕ್ಯಾಮೆರಾದ ಒಳಗೆ ಮಾತ್ರ ಲೋಹದ ಮೊನೆ ಬೇಡ. ತೋಳು ಎದ್ದಿರುವಾಗ ಮೌಂಟಿನ ಬಾಯಿಗೆ ಅಡ್ಡಲಾಗಿ ಒಂದು ಸ್ಕೇಲ್ ಇಟ್ಟು, ಊದುಬತ್ತಿಯ ಕಡ್ಡಿಯೊಂದನ್ನು ಮೆಲ್ಲಗೆ ತೋಳಿನವರೆಗೆ ಇಳಿಸಿ, ಸ್ಕೇಲ್ ಮುಟ್ಟುವಲ್ಲಿ ಪೆನ್ಸಿಲ್ ಗುರುತು ಹಾಕಿ. ಎರಡು ಅಳತೆಗಳ ನಡುವೆ ಎರಡು ಮಿಲಿಮೀಟರ್ ಆದರೂ ಬಿಡುವಿರಬೇಕು. ಇಲ್ಲದಿದ್ದರೆ ಆ ಲೆನ್ಸಿನ ಆಸೆ ಬಿಡಿ. ಈ ಕೆಲಸಕ್ಕೆ ಹತ್ತು ನಿಮಿಷ ಸಾಕು. ಒಪ್ಪದ ಮಾರಾಟಗಾರರಿಂದ ಕೊಳ್ಳುವ ಅಗತ್ಯವೂ ಇಲ್ಲ.

ಇನ್ನು ನಿಮ್ಮ ತೆಳು ನೆಗೆಟಿವ್‌ಗಳು. ನೀವು ಕಳುಹಿಸಿದ ರೀಲನ್ನು ಬೆಳಕಿನ ಪೆಟ್ಟಿಗೆಯ ಮೇಲೆ ಹರಡಿ, ಭೂತಗನ್ನಡಿಯಲ್ಲಿ ಒಂದೊಂದೇ ಚೌಕಟ್ಟು ನೋಡಿದೆ. ಒಂದನ್ನು ವಿವರವಾಗಿ ಹೇಳುತ್ತೇನೆ. ಕೊಪ್ಪರಿಗೆಯ ಮುಂದೆ ಇಬ್ಬರು ನಿಂತಿದ್ದಾರೆ. ಅವರ ಹಿಂದೆ ಆಲೆಮನೆಯ ದೊಡ್ಡ ಬಾಗಿಲು, ಅದರಾಚೆ ಬಿಸಿಲು. ಕೊಪ್ಪರಿಗೆಯಿಂದ ಏಳುವ ಹಬೆ ಆ ಬಿಸಿಲನ್ನು ಹೀರಿ ಚೌಕಟ್ಟಿನ ನಟ್ಟನಡುವೆ ಬೆಳ್ಳಗೆ ಉರಿದಿದೆ. ನೆಗೆಟಿವ್‌ನಲ್ಲಿ ಆ ಭಾಗ ಮಸಿಯಂತೆ ಕಪ್ಪು. ಇಬ್ಬರ ಮುಖವಿರಬೇಕಾದ ಜಾಗದಲ್ಲಿ ಬರಿಯ ಫಿಲ್ಮು, ಕಿಟಕಿ ಗಾಜಿನಷ್ಟು ತಿಳಿ. ಓರೆಯಾಗಿ ಹಿಡಿದರೆ ಒಬ್ಬರ ಟವೆಲಿನ ಅಂಚು ಮಾತ್ರ ಕಾಣುತ್ತದೆ. ಪ್ರಿಂಟು ಹಾಕುವವರು ಎಷ್ಟು ಹೆಣಗಿದರೂ ಇಲ್ಲದ ಮುಖವನ್ನು ತರಲಾರರು. ನೀವು ಬರೆದಿಟ್ಟುಕೊಂಡಂತೆ ಮೀಟರಿನ ಮುಳ್ಳು ಹೇಳಿದ್ದು 1/125 ಸೆಕೆಂಡಿನ ಶಟರ್, ಎಫ್/4ರ ರಂಧ್ರ. ಆ ಮುಖಗಳಿಗೆ ಬೇಕಿದ್ದದ್ದು 1/30, ಎಫ್/2.8ರ ಆಸುಪಾಸು. ಮೂರು ಸ್ಟಾಪ್ ಕಡಿಮೆಯಾಗಿದೆ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಇಲ್ಲವೇ ಅರ್ಧ).

ಮೀಟರ್ ಇಲ್ಲಿ ಸುಳ್ಳು ಹೇಳಿಲ್ಲ, ಹಬೆಯ ಬೆಳಕನ್ನು ಹೇಳಿದೆ. ಕೋಶದ ಅಗಲ ಸುಮಾರು 7.5 ಮಿಲಿಮೀಟರ್, ಫಿಲ್ಮಿನ ಚೌಕಟ್ಟಿನ ಎತ್ತರ 24. ಯಾವ ಲೆನ್ಸ್ ಹಾಕಿದರೂ ಚಿತ್ರದ ನಡುವೆ, ಎತ್ತರದ ಮೂರನೆಯ ಒಂದು ಪಾಲಿನಷ್ಟು ಅಗಲದ ವೃತ್ತವನ್ನು ಮಾತ್ರ ಅದು ನೋಡುತ್ತದೆ. 40 ಎಂಎಂನಲ್ಲಿ ಆ ವೃತ್ತಕ್ಕೆ ಒಬ್ಬರ ಮುಖ, ಎದೆ ಸಿಕ್ಕುತ್ತಿತ್ತು. 28 ಎಂಎಂ ಹಾಕಿದಾಗ ಅದೇ ವೃತ್ತದೊಳಗೆ ಮುಖದ ಜೊತೆಗೆ ಹಬೆ, ಬಾಗಿಲು, ಆಚೆಯ ಬಿಸಿಲು ಎಲ್ಲವೂ ಸೇರಿಕೊಂಡವು. ಸಿಎಲ್ ವ್ಯೂಫೈಂಡರಿನ 40 ಎಂಎಂ ಚೌಕಟ್ಟಿನ ಮೂಲಕ ನೋಡುವಾಗ ಇದನ್ನು ಹೀಗೆ ಲೆಕ್ಕ ಹಾಕಿಕೊಳ್ಳಿ: 28 ಎಂಎಂ ಲೆನ್ಸ್ ಇದ್ದರೆ ಆ ಚೌಕಟ್ಟಿನ ಎತ್ತರದ ಅರ್ಧಕ್ಕಿಂತ ತುಸು ಕಡಿಮೆ ಅಗಲದ ವೃತ್ತವನ್ನು ಮೀಟರ್ ಅಳೆಯುತ್ತಿದೆ. 21 ಎಂಎಂ ಇದ್ದರೆ ಅರ್ಧಕ್ಕಿಂತ ಹೆಚ್ಚು, ಐದರಲ್ಲಿ ಮೂರು ಪಾಲು. ಈ ವೃತ್ತ ಕಣ್ಣಿಗೆ ಕಟ್ಟಿದರೆ ಮೀಟರಿನ ಬಗ್ಗೆ ಕಲಿಯಬೇಕಾದದ್ದರಲ್ಲಿ ಮುಕ್ಕಾಲು ಭಾಗ ಕಲಿತಂತೆ.

ವೈಡ್ ಲೆನ್ಸಿನಲ್ಲಿ ಚಿತ್ರ ಕಟ್ಟುವ ಚೌಕಟ್ಟಿನಿಂದ ಎಂದೂ ಅಳೆಯಬೇಡಿ. ನಾನು ಇಷ್ಟು ವರ್ಷ ಅನುಸರಿಸಿಕೊಂಡು ಬಂದ ಕ್ರಮ ಇದು. ಹೊರಗಾದರೆ ಕ್ಯಾಮೆರಾವನ್ನು ಆಕಾಶ ಪೂರ್ತಿ ತಪ್ಪುವಷ್ಟು ಕೆಳಕ್ಕೆ ಬಾಗಿಸಿ, ನೆಲವನ್ನೋ ಕಬ್ಬಿನ ಗದ್ದೆಯ ಹಸಿರನ್ನೋ ಅಳೆದು, ಅಂಕೆಗಳನ್ನು ಇಟ್ಟು, ಆಮೇಲೆ ಕ್ಯಾಮೆರಾ ಎತ್ತುತ್ತೇನೆ. ಸಿಎಲ್‌ನಲ್ಲಿ ಎಲ್ಲವನ್ನೂ ಕೈಯಲ್ಲೇ ಇಡಬೇಕು ಎಂಬುದು ಇಲ್ಲಿ ದೊಡ್ಡ ಅನುಕೂಲ. ಇಟ್ಟ ಅಂಕೆ ತಾನಾಗಿ ಕದಲುವುದಿಲ್ಲ. ಒಳಗಾದರೆ ಜನ ನಿಂತಿರುವ ಬೆಳಕಿನಲ್ಲೇ ನಿಂತು ನನ್ನ ಅಂಗೈಯನ್ನು ಅಳೆಯುತ್ತೇನೆ. 28 ಎಂಎಂ ಆದರೆ ಅಂಗೈ ಲೆನ್ಸಿನಿಂದ 25 ಸೆಂಟಿಮೀಟರ್ ದೂರದಲ್ಲಿರಲಿ, 21 ಆದರೆ 20ಕ್ಕಿಂತ ದೂರ ಬೇಡ. ಅದಕ್ಕಿಂತ ದೂರ ಹೋದರೆ ವೃತ್ತ ಅಂಗೈಯನ್ನು ಮೀರಿ ಹಿಂದಿನದನ್ನೂ ಅಳೆಯುತ್ತದೆ. ಕೈ ಮಸುಕಾಗಿ ಕಂಡರೆ ಚಿಂತೆಯಿಲ್ಲ, ಅಳತೆಗೆ ಫೋಕಸ್ ಬೇಕಿಲ್ಲ. ಕ್ಯಾಮೆರಾದ ನೆರಳು ಕೈಮೇಲೆ ಬೀಳದಂತೆ ಮಾತ್ರ ನೋಡಿಕೊಳ್ಳಿ. ಎದುರಿಗಿರುವುದೆಲ್ಲ ನಡುಮಟ್ಟದ ಬೂದು ಬಣ್ಣ ಎಂದುಕೊಂಡೇ ಮೀಟರ್ ಅಳೆಯುತ್ತದೆ; ಅಂಗೈ ಸಾಮಾನ್ಯವಾಗಿ ಆ ಬೂದು ಬಣ್ಣಕ್ಕಿಂತ ಒಂದು ಸ್ಟಾಪಿನಷ್ಟು ಬೆಳಗಿರುತ್ತದೆ, ಆದ್ದರಿಂದ ಒಂದು ಸ್ಟಾಪ್ ಹೆಚ್ಚು ಬೆಳಕು ಕೊಡಿ. ನಿಮ್ಮ ಅಂಗೈ ಎಷ್ಟೆಂದು ಒಮ್ಮೆ ಬೂದು ಕಾರ್ಡಿನೊಂದಿಗೆ ಹೋಲಿಸಿಕೊಂಡರೆ ಜೀವನವಿಡೀ ನಡೆಯುತ್ತದೆ.

ಇದನ್ನು ನಾನು ಕಲಿತದ್ದು ಮೇಲುಕೋಟೆಯ ಕಲ್ಯಾಣಿಯಲ್ಲಿ. ನಡುಹಗಲು, ಸುತ್ತಲೂ ಬಿಸಿಲಿಗೆ ಕಾದ ಕಲ್ಲಿನ ಮೆಟ್ಟಿಲುಗಳು, ಮಂಟಪದ ನೆರಳಿನಲ್ಲಿ ಕುಳಿತ ಯಾತ್ರಿಕರ ಒಂದು ಕುಟುಂಬ. ಮೆಟ್ಟಿಲುಗಳ ಸಾಲು ಚಿತ್ರದೊಳಗೆ ಓಡುವಂತೆ ವೈಡ್ ಲೆನ್ಸ್ ಹಾಕಿ, ಮುಳ್ಳನ್ನು ನಂಬಿ, ಇಡೀ ರೀಲು ಮುಗಿಸಿದೆ. ಕಲ್ಲು ಅಚ್ಚುಕಟ್ಟಾಗಿ ಬಂದಿತ್ತು, ಒಂದೊಂದು ಉಳಿಯ ಗೆರೆಯೂ ಎಣಿಸುವಂತಿತ್ತು. ನೆರಳಿನಲ್ಲಿದ್ದ ಆ ತಾಯಿಯ ಮುಖ ಮಾತ್ರ ಎಲ್ಲಿಯೂ ಇರಲಿಲ್ಲ. ಆ ನೆಗೆಟಿವ್‌ಗಳನ್ನು ಇಂದಿಗೂ ಇಟ್ಟುಕೊಂಡಿದ್ದೇನೆ. ಮೆಟ್ಟಿಲು ಇಳಿದು ಆ ನೆರಳಿನಲ್ಲಿ ಒಂದು ಕ್ಷಣ ಅಂಗೈ ಹಿಡಿದಿದ್ದರೆ ಸಾಕಿತ್ತು.

ಕ್ಯಾಡ್ಮಿಯಂ ಸಲ್ಫೈಡ್ ಕೋಶಕ್ಕೆ ಇನ್ನೊಂದು ಗುಣವಿದೆ. ಪ್ರಖರ ಬೆಳಕನ್ನು ಕಂಡ ಮೇಲೆ ಸ್ವಲ್ಪ ಹೊತ್ತು ಅದನ್ನು ನೆನಪಿಟ್ಟುಕೊಳ್ಳುತ್ತದೆ. ಮಂದ ಬೆಳಕಿನಲ್ಲಿ ಮುಳ್ಳು ನಿಧಾನವಾಗಿ ಏಳುತ್ತದೆ. ಬಿಸಿಲಿನಿಂದ ನೇರವಾಗಿ ಆಲೆಮನೆಯೊಳಗೆ ನುಗ್ಗಿದ ಕೂಡಲೇ ಅಳೆಯಬೇಡಿ. ಒಲೆಗೆ ಸಿಪ್ಪೆ ತಳ್ಳುವವರ ಜೊತೆ ಎರಡು ಮಾತಾಡಿ, ಬಿಸಿ ಬೆಲ್ಲದ ರುಚಿ ನೋಡಿ, ಆಮೇಲೆ ಅಳೆಯಿರಿ. ಅಷ್ಟರಲ್ಲಿ ನಿಮ್ಮ ಕಣ್ಣೂ ಕತ್ತಲಿಗೆ ಹೊಂದಿರುತ್ತದೆ.

ನಿಮ್ಮ ರೀಲಿನಲ್ಲಿ ಇನ್ನೊಂದು ವಿಷಯ ಗಮನಿಸಿದೆ. ನಾಲೆಯ ಏರಿಯ ಮೇಲೆ ಬಿಸಿಲಿನಲ್ಲಿ ತೆಗೆದ ಚೌಕಟ್ಟುಗಳಲ್ಲಿ ಹಬೆಯಿಲ್ಲ, ಬಾಗಿಲಿಲ್ಲ. ಅವೂ ಒಂದು ಸ್ಟಾಪಿನಷ್ಟು ತೆಳುವಾಗಿವೆ. ಇದು ಬ್ಯಾಟರಿಯ ಕೆಲಸ ಎನಿಸುತ್ತದೆ. ಈ ಮೀಟರನ್ನು ಹೊಂದಿಸಿದ್ದು 1.35 ವೋಲ್ಟಿನ ಪಿಎಕ್ಸ್625 ಪಾದರಸದ ಬ್ಯಾಟರಿಗೆ. ಪಾದರಸದ ವಿಷದ ಕಾರಣ ಅದರ ತಯಾರಿಕೆ ನಿಂತು ಬಹಳ ಕಾಲವಾಯಿತು. ಅದೇ ಆಕಾರದಲ್ಲಿ ಈಗ ಸಿಗುವ ಆಲ್ಕಲೈನ್ ಬ್ಯಾಟರಿ ಹೊಸದಿದ್ದಾಗ 1.5 ವೋಲ್ಟ್ ಕೊಡುತ್ತದೆ, ಬಳಸುತ್ತಾ ಹೋದಂತೆ ಇಳಿಯುತ್ತದೆ. ವೋಲ್ಟೇಜ್ ಹೆಚ್ಚಿದ್ದರೆ ಇಲ್ಲದ ಬೆಳಕನ್ನು ಮುಳ್ಳು ಇದೆ ಎನ್ನುತ್ತದೆ, ನೀವು ಕಡಿಮೆ ಕೊಡುತ್ತೀರಿ. ಪರಿಹಾರ ಮೈಸೂರಿನಲ್ಲಿ ಸುಲಭ. ವಾಕ್ ಶ್ರವಣ ಸಂಸ್ಥೆ ಇರುವ ಊರು ಇದು, ಶ್ರವಣ ಸಾಧನದ ಬ್ಯಾಟರಿಗೆ ಬರವಿಲ್ಲ. 675 ಸಂಖ್ಯೆಯ ಝಿಂಕ್ ಏರ್ ಬ್ಯಾಟರಿ ಕೇಳಿ, ನೀಲಿ ಚೀಟಿ ಅಂಟಿಸಿರುತ್ತದೆ. ಅದು ಕೊಡುವುದು 1.4 ವೋಲ್ಟ್, ಸಾಯುವವರೆಗೂ ಹೆಚ್ಚುಕಡಿಮೆ ಒಂದೇ ಮಟ್ಟ. ಚೀಟಿ ಕಿತ್ತು, ಗಾಳಿ ಒಳಹೋಗಲು ಒಂದೆರಡು ನಿಮಿಷ ಬಿಟ್ಟು ಹಾಕಿ. ಹಳೆಯದಕ್ಕಿಂತ ಅಗಲ ಕಡಿಮೆಯಾದ್ದರಿಂದ ನಡುವೆ ಕೂರಲು ಸುತ್ತ ಒಂದು ರಬ್ಬರ್ ಉಂಗುರ ಬೇಕು. ಬ್ಯಾಟರಿಯ ತೂತುಗಳು ಮುಚ್ಚಬಾರದು. ಗಾಳಿ ತಾಗಿದ ಮೇಲೆ ಕೆಲವು ವಾರಗಳು, ಹೆಚ್ಚೆಂದರೆ ಒಂದೆರಡು ತಿಂಗಳು ಬಾಳುತ್ತದೆ. ಸಿಎಲ್‌ನಲ್ಲಿ ಬ್ಯಾಟರಿಯ ಗೂಡು ಹಿಂಬದಿಯ ಮುಚ್ಚಳದ ಒಳಗಿರುವುದರಿಂದ ರೀಲು ಅರ್ಧ ಓಡಿರುವಾಗ ಬದಲಿಸಲಾಗದು. ದಸರಾ ಮೆರವಣಿಗೆಗೆ ಮೈಸೂರಿಗೆ ಬರುವುದಾದರೆ ಹೊಸ ರೀಲು ಹಾಕುವಾಗಲೇ ಹೊಸ ಬ್ಯಾಟರಿಯನ್ನೂ ಹಾಕಿಕೊಂಡು ಬನ್ನಿ.

ಕೊಳ್ಳುವುದಾದರೆ ಯಾವುದು? ಗೆಳೆಯರು ಕೊಟ್ಟ ಆ ಮಿನೋಲ್ಟಾ ಎಂ ರೊಕ್ಕೋರ್ 28 ಎಂಎಂ ಎಫ್/2.8 ಅವರು ಮಾರಲು ಒಪ್ಪಿದರೆ ನನ್ನ ಮೊದಲ ಆಯ್ಕೆ ಅದೇ. ಸಿಎಲ್‌ನ ತಮ್ಮನೆನ್ನಬಹುದಾದ 1980ರ ಮಿನೋಲ್ಟಾ ಸಿಎಲ್‌ಇಗೆಂದು ಮಾಡಿದ ಲೆನ್ಸ್ ಅದು. ಚಿಕ್ಕದು, ನಿಮ್ಮ ಮೀಟರಿನೊಂದಿಗೆ ಹೊಂದಿಕೊಳ್ಳುತ್ತದೆ ಎಂಬುದನ್ನು ನಿಮ್ಮ ರೀಲೇ ತೋರಿಸಿದೆ. ಅದಕ್ಕೊಂದು ಹುಟ್ಟುರೋಗವುಂಟು: ಮುಂಗಾಜಿನ ಹಿಂದೆ ಅಂಚಿನಲ್ಲಿ ಬಿಳಿ ಚುಕ್ಕೆಗಳು ಏಳುತ್ತವೆ. ಮೊಬೈಲ್ ಟಾರ್ಚನ್ನು ಓರೆಯಾಗಿ ಬಿಟ್ಟು ನೋಡಿ, ಬೆಲೆ ಮಾತಾಡುವ ಮುನ್ನ. ಜುಪಿಟರ್-12 ತೋಳಿನ ತೊಂದರೆಯಿಲ್ಲದಿದ್ದರೂ ನಿಮಗೆ ಪ್ರಯೋಜನವಿರಲಿಲ್ಲ. ಅದು 35 ಎಂಎಂ, ನಿಮ್ಮ 40ಕ್ಕಿಂತ ಅರ್ಧ ಹೆಜ್ಜೆ ಹಿಂದೆ ಸರಿದಂತೆ, ಅಷ್ಟೇ.

ಸಿಎಲ್‌ನ ವ್ಯೂಫೈಂಡರಿನಲ್ಲಿರುವುದು 40, 50, 90ರ ಚೌಕಟ್ಟುಗಳು ಮಾತ್ರ. 28ಕ್ಕೆ ಮೇಲೆ ಕೂರಿಸುವ ಬೇರೆ ಫೈಂಡರ್ ಬೇಕು. ಅದರಲ್ಲಿ ಮುಳ್ಳೂ ಕಾಣದು, ಫೋಕಸೂ ಕಾಣದು. ಮೊದಲೇ ಅಳೆದಿಟ್ಟುಕೊಳ್ಳಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ. ಫೋಕಸನ್ನೂ ಹಾಗೆಯೇ ಮೊದಲೇ ಇಡಬಹುದು. 28 ಎಂಎಂ ಲೆನ್ಸನ್ನು ಎಫ್/8ರಲ್ಲಿ ಮೂರೂಕಾಲು ಮೀಟರಿಗೆ ಇಟ್ಟರೆ ಸುಮಾರು 1.6 ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟ. ಮೆರವಣಿಗೆಯ ಜನಜಂಗುಳಿಗೆ, ದೇವರಾಜ ಮಾರುಕಟ್ಟೆಯ ಇಕ್ಕಟ್ಟಿಗೆ ಇದು ಸಾಕು. ಆಲೆಮನೆಯ ಕತ್ತಲಲ್ಲಿ ಎಫ್/2.8ಕ್ಕೆ ಬಂದಾಗ ಈ ಉದಾರತೆ ಇರುವುದಿಲ್ಲ. ಎರಡು ಮೀಟರಿಗೆ ಇಟ್ಟರೆ ಸ್ಪಷ್ಟವಾಗುವುದು ಸುಮಾರು 1.6ರಿಂದ 2.5 ಮೀಟರ್ ಅಷ್ಟೇ. ಅಲ್ಲಿ ರೇಂಜ್‌ಫೈಂಡರ್‌ನಲ್ಲಿ ನೋಡಿಯೇ ಫೋಕಸ್ ಮಾಡಿ.

ವೈಡ್ ಲೆನ್ಸಿನಲ್ಲಿ ಮೂಲೆಗಳು ನಡುವಿಗಿಂತ ಕಪ್ಪಾಗುತ್ತವೆ. 28ರಲ್ಲಿ ಒಂದು ಸ್ಟಾಪಿಗಿಂತ ಹೆಚ್ಚು, ಹಳೆಯ ಸಮಾಂಗ ವಿನ್ಯಾಸದ 21ರಲ್ಲಿ ಎರಡು ಸ್ಟಾಪ್‌ವರೆಗೆ ಕಪ್ಪಾಗಬಹುದು. ನಡುವನ್ನಷ್ಟೇ ನೋಡುವ ಮೀಟರಿಗೆ ಇದರ ಅರಿವಿಲ್ಲ. ಆಲೆಮನೆಯ ಮೂಲೆಗಳು ಮೊದಲೇ ಹೊಗೆಗೆ ಕರಿಗಟ್ಟಿರುತ್ತವೆ. ಕಪ್ಪುಬಿಳುಪು ನೆಗೆಟಿವ್ ಫಿಲ್ಮಿಗೆ ಅಂಗೈ ಲೆಕ್ಕದ ಮೇಲೆ ಇನ್ನೂ ಅರ್ಧ ಸ್ಟಾಪ್ ಕೊಟ್ಟರೆ ನಷ್ಟವಿಲ್ಲ. ಹಬೆ ಸ್ವಲ್ಪ ಹೆಚ್ಚು ಬೆಳಗಾಗಲಿ ಬಿಡಿ, ಅದನ್ನು ಪ್ರಿಂಟಿನಲ್ಲಿ ತಗ್ಗಿಸಬಹುದು.

ಮುಂದಿನ ರೀಲಿಗೆ ಒಂದು ಕೆಲಸ ಮಾಡಿ. ಅದೇ ಬಾಗಿಲು, ಅದೇ ಕೊಪ್ಪರಿಗೆ, ಅದೇ ಇಬ್ಬರು. ಮೊದಲು ಮುಳ್ಳು ಹೇಳಿದಂತೆ ಒಂದು, ಆಮೇಲೆ ಅಂಗೈ ಅಳೆದು ಒಂದು, ಅದಕ್ಕೆ ಅರ್ಧ ಸ್ಟಾಪ್ ಸೇರಿಸಿ ಇನ್ನೊಂದು ತೆಗೆಯಿರಿ. ಅಂಕೆಗಳನ್ನು ಈ ಸಲದಂತೆಯೇ ಬರೆದಿಟ್ಟು ನೆಗೆಟಿವ್‌ಗಳನ್ನು ಕಳುಹಿಸಿ. ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ ಬರೆಯುತ್ತೇನೆ.